ಬಲ್ಬಿಗಿಂತ ಮೊದಲು ಅರ್ತ್ ನೋಡಿ

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರಿಗೆ ಸ್ವಂತ ಬ್ಯಾಟರಿಯಿಲ್ಲ, ಡೈನಮೊ ಇಲ್ಲ, ಸಾಮಾನ್ಯವಾಗಿ ಫ್ಯೂಸ್ ಬಾಕ್ಸೂ ಇರುವುದಿಲ್ಲ. ಅದರ ಟೇಲ್ ಲೈಟು, ಬ್ರೇಕ್ ಲೈಟು, ಇಂಡಿಕೇಟರುಗಳಿಗೆ ಬೇಕಾದ ಕರೆಂಟೆಲ್ಲ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ ಬರಬೇಕು. ಅಲ್ಲಿಂದ ಹೊರಟ ಕರೆಂಟು ಫ್ಯೂಸು, ಸ್ವಿಚ್ಚು ದಾಟಿ ಹಿಂಬದಿಯ ಏಳು ಪಿನ್ನಿನ ಸಾಕೆಟ್ಟಿಗೆ ಬರುತ್ತದೆ. ಡ್ರಾಬಾರಿನ ಮೇಲೆ ಜೋತುಬಿದ್ದ ಕೇಬಲ್ಲಿನಲ್ಲಿ ಸಾಗಿ, ಚಾಸಿಯ ಅಡಿಯಲ್ಲಿ ಹಾದು ದೀಪ ತಲುಪುತ್ತದೆ. ತಲುಪಿದರಷ್ಟೇ ಸಾಲದು. ಬಂದ ಕರೆಂಟು ಅಷ್ಟೇ ದೂರ ಹಿಂದಿರುಗಿ ಬ್ಯಾಟರಿಯ ಮೈನಸ್ ತುದಿಯನ್ನು ಸೇರಬೇಕು. ಹೋಗುವ ದಾರಿಯನ್ನು ಎಲ್ಲರೂ ಹುಡುಕುತ್ತಾರೆ. ವಾಪಸು ಬರುವ ದಾರಿಯನ್ನು, ಅಂದರೆ ಗ್ಯಾರೇಜಿನವರು ಹೇಳುವ ಅರ್ತನ್ನು, ನೋಡುವವರು ಕಡಿಮೆ. ಟ್ರೇಲರ್ ದೀಪದ ತಕರಾರುಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆ.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಕಡೆ ಈ ತಕರಾರಿಗೆ ಒಂದು ಕಾಲವೇ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ, ಅದರಲ್ಲೂ ಹಾನುಬಾಳು, ಹೆತ್ತೂರು, ಯಸಳೂರಿನಂಥ ಹೆಚ್ಚು ಮಳೆಯ ಹೋಬಳಿಗಳಲ್ಲಿ, ಟ್ರೇಲರು ಶೆಡ್ಡಿನಲ್ಲೋ ಮರದಡಿಯಲ್ಲೋ ನಿಂತುಬಿಡುತ್ತದೆ. ಸಾಕೆಟ್ಟಿಗೆ ನೀರು ಇಳಿಯುತ್ತದೆ, ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ, ಪಕ್ಕದ ಹುಲ್ಲಿನ ಮೆದೆಯಲ್ಲಿರುವ ಇಲಿಗಳು ವೈರಿನ ಮೇಲಿನ ಪ್ಲಾಸ್ಟಿಕ್ಕು ಕಡಿಯುತ್ತವೆ. ನವೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾದಾಗ ಟ್ರೇಲರು ಹೊರಬರುತ್ತದೆ. ಹಣ್ಣು ಕೊಯ್ದು, ತೂಕ ಹಾಕಿ, ಚೀಲ ತುಂಬಿ ಹೊರಡುವಷ್ಟರಲ್ಲಿ ಸಂಜೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ತೋಟದ ಮಣ್ಣುರಸ್ತೆಯಲ್ಲಿ ದೀಪವಿಲ್ಲದಿದ್ದರೂ ನಡೆದೀತು. ಆದರೆ ಪಾಳ್ಯದಲ್ಲೋ ಬಾಳ್ಳುಪೇಟೆಯಲ್ಲೋ ದೋಣಿಗಾಲಿನಲ್ಲೋ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹತ್ತಿದ ಕ್ಷಣದಿಂದ ಹಿಂದೆ ಮಂಗಳೂರಿನ ಗ್ಯಾಸ್ ಟ್ಯಾಂಕರುಗಳು, ರಾತ್ರಿ ಬಸ್ಸುಗಳು. ಮಂಜು ಇಳಿದ ದಿನ ಮಣ್ಣುಬಣ್ಣದ ಟ್ರೇಲರು ಹತ್ತಿರ ಬರುವವರೆಗೂ ಹಿಂದಿನ ಚಾಲಕನ ಕಣ್ಣಿಗೆ ಬೀಳುವುದಿಲ್ಲ.

ತಪಾಸಣೆ ಆರಂಭವಾಗಬೇಕಾದದ್ದು ಸ್ಪ್ಯಾನರು ಹಿಡಿದಲ್ಲ, ನೋಡುವುದರಿಂದ. ಒಬ್ಬರು ಸೀಟಿನಲ್ಲಿ ಕೂತು ಪಾರ್ಕಿಂಗ್ ದೀಪ, ಬ್ರೇಕು, ಎಡ ಇಂಡಿಕೇಟರು, ಬಲ ಇಂಡಿಕೇಟರು ಹೀಗೆ ಒಂದೊಂದನ್ನೇ ಹಾಕಬೇಕು. ಇನ್ನೊಬ್ಬರು ಹಿಂದೆ ನಿಂತು ಏನೇನು ಉರಿಯುತ್ತದೆ, ಎಷ್ಟು ಉರಿಯುತ್ತದೆ ಎಂದು ಹೇಳಬೇಕು. ಟ್ರ್ಯಾಕ್ಟರಿನ ದೀಪವೂ ಟ್ರೇಲರಿನ ದೀಪವೂ ಒಟ್ಟಿಗೆ ಸತ್ತಿದ್ದರೆ ಫ್ಯೂಸಿನತ್ತ ಹೋಗಬಹುದು. ಟ್ರ್ಯಾಕ್ಟರಿನದು ಸರಿಯಿದ್ದು ಟ್ರೇಲರಿನದು ಪೂರ್ತಿ ಸತ್ತಿದ್ದರೆ ಪ್ಲಗ್ಗು ಅಥವಾ ಅರ್ತ್. ಒಂದೇ ಒಂದು ದೀಪ ಹೋಗಿದ್ದರೆ ಆ ಬಲ್ಬು, ಇಲ್ಲವೇ ಅದರ ಹೋಲ್ಡರು. ಇನ್ನು ಬ್ರೇಕ್ ತುಳಿದರೆ ಇಂಡಿಕೇಟರು ಮಿಣುಕುವುದು, ಇಂಡಿಕೇಟರು ಹಾಕಿದರೆ ಟೇಲ್ ಲೈಟು ಕುಣಿಯುವುದು ಇಂಥ ವಿಚಿತ್ರಗಳು ಕಂಡರೆ ಬೇರೇನೂ ಯೋಚಿಸದೆ ನೇರ ಅರ್ತಿಗೆ ಹೋಗಬೇಕು.

ಆ ವಿಚಿತ್ರಕ್ಕೆ ಸರಳ ಕಾರಣವಿದೆ. ಟ್ರೇಲರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುವುದು 21/5 ವ್ಯಾಟಿನ ಬಲ್ಬು: ಒಂದೇ ಗಾಜಿನೊಳಗೆ ಎರಡು ತಂತಿ, ಬ್ರೇಕಿಗೆ 21 ವ್ಯಾಟಿನದು, ಟೇಲಿಗೆ 5 ವ್ಯಾಟಿನದು. ಎರಡೂ ತಂತಿಗಳ ಇನ್ನೊಂದು ತುದಿ ಬಲ್ಬಿನ ಹಿತ್ತಾಳೆ ಮೈಗೆ, ಅಲ್ಲಿಂದ ಹೋಲ್ಡರಿಗೆ, ಹೋಲ್ಡರಿನಿಂದ ಟ್ರೇಲರಿನ ಬಾಡಿಗೆ ಸೇರಿರುತ್ತದೆ. ಬಾಡಿಯಿಂದ ಟ್ರ್ಯಾಕ್ಟರಿಗೆ ಹೋಗುವ ಅರ್ತ್ ತುಂಡಾಗಿದ್ದರೆ ಬ್ರೇಕಿನ ಕರೆಂಟಿಗೆ ಹೊರಹೋಗಲು ದಾರಿಯಿಲ್ಲ. ಅದು 21 ವ್ಯಾಟಿನ ತಂತಿಯಿಂದ ಬಂದು ಅದೇ ಬಲ್ಬಿನ 5 ವ್ಯಾಟಿನ ತಂತಿಯಲ್ಲಿ ಹಿಮ್ಮುಖವಾಗಿ ಹೊರಟು, ಟೇಲ್ ಲೈಟಿನ ವೈರು ಹಿಡಿದು ಟ್ರ್ಯಾಕ್ಟರಿಗೆ ಬಂದು, ಅಲ್ಲಿನ ಟೇಲ್ ಲೈಟು ಅಥವಾ ಮೀಟರ್ ದೀಪದ ಮೂಲಕ ಅರ್ತ್ ಸೇರುತ್ತದೆ. ಪಾರ್ಕಿಂಗ್ ಸ್ವಿಚ್ಚು ಹಾಕದೆ ಬ್ರೇಕ್ ಒತ್ತಿದಾಗ ಮೀಟರ್ ದೀಪ ಮಂಕಾಗಿ ಉರಿದರೆ ಟ್ರೇಲರಿನ ಅರ್ತ್ ಹೋಗಿದೆ ಎಂದು ಸೀಟಿನಲ್ಲಿ ಕೂತೇ ಹೇಳಬಹುದು.

ಅರ್ತ್ ಪೂರ್ತಿ ಹೋಗುವುದಕ್ಕಿಂತ ಅರ್ಧ ಹೋಗುವುದೇ ಹೆಚ್ಚು. ಆಗ ದೀಪ ಉರಿಯುತ್ತದೆ, ಆದರೆ ಮಂಕಾಗಿ. ಲೆಕ್ಕ ಹಾಕಿ ನೋಡಬಹುದು. ಎರಡು ಬ್ರೇಕ್ ಲೈಟಿಗೆ 42 ವ್ಯಾಟು, ಎರಡು ಟೇಲ್ ಲೈಟಿಗೆ 10, ಒಂದು ಇಂಡಿಕೇಟರಿಗೆ 21. ಒಟ್ಟು 73 ವ್ಯಾಟು, ಅಂದರೆ 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರು. ತುಕ್ಕು ಹಿಡಿದ ಅರ್ತ್ ಬೋಲ್ಟಿನಲ್ಲಿ ಬರೀ ಅರ್ಧ ಓಮ್ ರೋಧವಿದ್ದರೂ ಅಲ್ಲೇ ಎರಡೂವರೆ ವೋಲ್ಟಿನಷ್ಟು ನಷ್ಟವಾಗುತ್ತದೆ. ದೀಪಕ್ಕೆ ಉಳಿಯುವುದು ಒಂಬತ್ತೂವರೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ, ವೋಲ್ಟೇಜು ಶೇ. 20 ಇಳಿದರೆ ಬೆಳಕು ಅರ್ಧದಷ್ಟಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ‘ಉರಿಯುತ್ತಿದೆ ಬಿಡಿ’ ಅನ್ನಿಸಿದ ದೀಪ ಸಂಜೆಯ ಮಂಜಿನಲ್ಲಿ ಯಾರಿಗೂ ಕಾಣದಿರುವುದು ಇದರಿಂದಲೇ.

ಅರ್ತನ್ನು ಪರೀಕ್ಷಿಸಲು ಹತ್ತು ಮೀಟರಿನಷ್ಟು ಉದ್ದದ ದಪ್ಪನೆಯ ವೈರೊಂದು ಸಾಕು. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಅಥವಾ ಟ್ರ್ಯಾಕ್ಟರಿನ ಬಣ್ಣವಿಲ್ಲದ ಬೋಲ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ದೀಪದ ಹೋಲ್ಡರಿನ ಲೋಹಕ್ಕೆ ಮುಟ್ಟಿಸಬೇಕು. ಮುಟ್ಟಿಸಿದೊಡನೆ ದೀಪ ಪೂರ್ತಿ ಬೆಳಗಿದರೆ ಬಲ್ಬು ಸರಿಯಿದೆ, ಫ್ಯೂಸು ಸರಿಯಿದೆ, ಅರ್ತ್ ಮಾತ್ರ ಸರಿಯಿಲ್ಲ. ಆಮೇಲೆ ಅದೇ ತುದಿಯನ್ನು ಹೋಲ್ಡರಿನಿಂದ ಚಾಸಿಗೆ, ಚಾಸಿಯಿಂದ ಡ್ರಾಬಾರಿಗೆ ಸರಿಸುತ್ತ ಬಂದರೆ ಯಾವ ಜಾಗದಲ್ಲಿ ದೀಪ ಮತ್ತೆ ಮಂಕಾಗುತ್ತದೋ ಅಲ್ಲೇ ದೋಷ. ಬಹಳ ಸಲ ಅದು ಅರ್ತ್ ವೈರನ್ನು ಬಿಗಿದ ಬೋಲ್ಟಿನ ಕೆಳಗಿರುತ್ತದೆ: ಟ್ರೇಲರಿಗೆ ಹೊಸದಾಗಿ ಬಣ್ಣ ಹೊಡೆಸಿದಾಗ ಪೇಂಟರ್ ಬೋಲ್ಟನ್ನೂ ಬಿಡದೆ ಹೊಡೆದಿರುತ್ತಾನೆ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರು ಹಾಕಿ ಬಿಗಿದು, ಮೇಲೆ ಗ್ರೀಸು ಸವರಬೇಕು. ಗ್ರೀಸು ಮೊದಲಲ್ಲ, ಬಿಗಿದ ಮೇಲೆ.

ಹುಕ್ಕಿನ ಮೂಲಕವೇ ಅರ್ತ್ ಸಿಗುತ್ತದೆ ಎಂಬ ನಂಬಿಕೆ ಹಳ್ಳಿಯ ಕಡೆ ಗಟ್ಟಿಯಾಗಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದೆಯಲ್ಲ ಎಂಬುದು ವಾದ. ಏರಿನಲ್ಲಿ ಎಳೆಯುವಾಗ ಪಿನ್ನು ಬಿಗಿಯಾಗಿ ತಾಗಿ ದೀಪ ಉರಿಯುತ್ತದೆ. ಇಳುಕಲಿನಲ್ಲಿ ಹುಕ್ಕು ಸಡಿಲಾದಾಗ, ಗುಂಡಿಯಲ್ಲಿ ಕುಲುಕಿದಾಗ ಆರಿಹೋಗುತ್ತದೆ. ಮಣ್ಣು, ತುಕ್ಕು, ಗ್ರೀಸು ತುಂಬಿದ ಆ ಜಾಗವನ್ನು ನಂಬಿ ದೀಪ ಉರಿಸುವುದು ತಪ್ಪು. ಏಳು ಪಿನ್ನಿನಲ್ಲಿ ಒಂದನ್ನು ಅರ್ತಿಗೆಂದೇ ಮೀಸಲಿಟ್ಟಿರುವುದು ಸುಮ್ಮನೆ ಅಲ್ಲ.

ಆ ಪಿನ್ನುಗಳ ವಿಷಯ. 12 ವೋಲ್ಟಿನ ಏಳು ಪಿನ್ನಿನ ಸಾಕೆಟ್ಟಿಗೆ ಅಂತರರಾಷ್ಟ್ರೀಯ ಮಾನದಂಡವೊಂದಿದೆ, ಐಎಸ್‌ಒ 1724. ಅದರಲ್ಲಿ 1 ಎಡ ಇಂಡಿಕೇಟರು, 3 ಅರ್ತ್, 4 ಬಲ ಇಂಡಿಕೇಟರು, 5 ಬಲಗಡೆಯ ಟೇಲ್ ಲೈಟು, 6 ಬ್ರೇಕು, 7 ಎಡಗಡೆಯ ಟೇಲ್ ಲೈಟು. 2ನೆಯದು ಹಿಂಬದಿಯ ಫಾಗ್ ಲ್ಯಾಂಪಿನಂಥ ಹೆಚ್ಚುವರಿ ಕೆಲಸಕ್ಕೆ. ಪ್ಲಗ್ಗನ್ನು ಬಿಚ್ಚಿದರೆ ಸ್ಕ್ರೂಗಳ ಪಕ್ಕ ಈ ಅಂಕೆಗಳು ಚಿಕ್ಕದಾಗಿ ಅಚ್ಚಾಗಿರುವುದು ಕಾಣುತ್ತದೆ. ವೈರಿನ ಬಣ್ಣಕ್ಕೂ ಒಂದು ಕ್ರಮ ಹೇಳಿದ್ದಾರೆ, ಆದರೆ ನಮ್ಮಲ್ಲಿ ಅದನ್ನು ನಂಬುವಂತಿಲ್ಲ. ಟ್ರೇಲರುಗಳನ್ನು ಊರೂರಿನ ವರ್ಕ್‌ಶಾಪುಗಳಲ್ಲಿ ಕಟ್ಟುತ್ತಾರೆ. ಕೈಗೆ ಸಿಕ್ಕಿದ ಬಣ್ಣದ ವೈರು ಎಳೆದಿರುತ್ತಾರೆ. ಒಬ್ಬರ ಟ್ರ್ಯಾಕ್ಟರಿಗೆ ಇನ್ನೊಬ್ಬರ ಟ್ರೇಲರು ಕಟ್ಟಿದಾಗ ಎಡಕ್ಕೆ ಹಾಕಿದ ಇಂಡಿಕೇಟರು ಬಲಕ್ಕೆ ಮಿನುಗುವುದೂ ಉಂಟು, ಅದು ದೀಪವಿಲ್ಲದಿರುವುದಕ್ಕಿಂತ ಕೆಟ್ಟದ್ದು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಅರ್ತಿಗೆ ಕಚ್ಚಿಸಿ, ಸೂಜಿಯನ್ನು ಸಾಕೆಟ್ಟಿನ ಒಂದೊಂದು ತೂತಿಗೂ ಮುಟ್ಟಿಸಿ, ಯಾವ ಸ್ವಿಚ್ಚಿಗೆ ಯಾವುದು ಉರಿಯುತ್ತದೆ ಎಂದು ಬರೆದಿಟ್ಟುಕೊಳ್ಳುವುದೇ ಸರಿಯಾದ ಕ್ರಮ.

ಪ್ಲಗ್ಗಿನ ಪಿನ್ನನ್ನು ಹತ್ತಿರದಿಂದ ನೋಡಿದರೆ ತುದಿಯಲ್ಲಿ ಉದ್ದಕ್ಕೆ ಸೀಳಿರುತ್ತದೆ. ಆ ಸೀಳಿನ ಎರಡು ಹೋಳುಗಳು ಸ್ಪ್ರಿಂಗಿನಂತೆ ಅಗಲವಾಗಿ ಸಾಕೆಟ್ಟಿನ ಒಳಗೋಡೆಯನ್ನು ಒತ್ತಬೇಕು. ವರ್ಷಗಟ್ಟಲೆ ಹಾಕಿ ತೆಗೆದು ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪ್ಲಗ್ಗು ಕೂತಂತೆ ಕಂಡರೂ ಒಳಗೆ ಲೂಸ್ ಕಾಂಟ್ಯಾಕ್ಟ್. ಸ್ವಿಚ್ಚುಗಳನ್ನೆಲ್ಲ ಆರಿಸಿ, ಚಾಕುವಿನ ತುದಿಯನ್ನು ಸೀಳಿನಲ್ಲಿಟ್ಟು ಕೂದಲೆಳೆಯಷ್ಟು ಅಗಲಿಸಿದರೆ ಸಾಕು. ಹೆಚ್ಚು ಅಗಲಿಸಿದರೆ ಹಿತ್ತಾಳೆ ಮುರಿಯುತ್ತದೆ. ಕಿಲುಬನ್ನು ಉಪ್ಪುಕಾಗದದ ಸುರುಳಿಯಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರಸಿ, ತೆಳುವಾಗಿ ವ್ಯಾಸಲೀನ್ ಸವರಿದರೆ ಒಂದು ಮಳೆಗಾಲ ತಡೆಯುತ್ತದೆ. ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗು ಹೋಗಿದ್ದರೆ ಸಾಕೆಟ್ಟನ್ನೇ ಬದಲಿಸುವುದು ಮೇಲು. ಬಾಯಿ ತೆರೆದ ಸಾಕೆಟ್ಟಿಗೆ ಈ ಕಡೆಯ ಮಳೆಯಲ್ಲಿ ಆಯುಸ್ಸಿಲ್ಲ.

ಬಲ್ಬಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎರಡು ತಪ್ಪುಗಳನ್ನು ಬಿಟ್ಟರೆ. ಹೆದ್ದಾರಿಯ ಬದಿಯ ಬಿಡಿಭಾಗದ ಅಂಗಡಿಗಳಲ್ಲಿ ಲಾರಿಯ 24 ವೋಲ್ಟಿನ ಬಲ್ಬು, ಟ್ರ್ಯಾಕ್ಟರಿನ 12 ವೋಲ್ಟಿನ ಬಲ್ಬು ಒಂದೇ ಡಬ್ಬದಲ್ಲಿ ಇರುತ್ತವೆ, ನೋಡಲು ಒಂದೇ ತರ. 24ರದ್ದನ್ನು ಟ್ರ್ಯಾಕ್ಟರಿಗೆ ಹಾಕಿದರೆ ಕೆಂಡದಂತೆ ಕೆಂಪಗೆ ಮಾತ್ರ ಉರಿಯುತ್ತದೆ, ಆಮೇಲೆ ಅರ್ತನ್ನು ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಹಿತ್ತಾಳೆಯ ಮೇಲೆ ಕೆತ್ತಿರುವ ವೋಲ್ಟನ್ನು ಓದಿಯೇ ಕೊಳ್ಳಬೇಕು. ಎರಡನೆಯದು, ಎರಡು ತಂತಿಯ ಬಲ್ಬಿನ ಜಾಗಕ್ಕೆ ಒಂಟಿ ತಂತಿಯ ಬಲ್ಬನ್ನು ಒತ್ತಿ ಕೂರಿಸುವುದು. ಎರಡು ತಂತಿಯದರ ಪಕ್ಕದ ಗುಬುಟುಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಒಂಟಿ ತಂತಿಯದರಲ್ಲಿ ಸಮ. ಬಲವಂತಕ್ಕೆ ಕೂತ ಒಂಟಿ ಬಲ್ಬಿನ ನಡುಗುಂಡಿ ಹೋಲ್ಡರಿನ ಎರಡೂ ಕಾಂಟ್ಯಾಕ್ಟುಗಳನ್ನು ಒಟ್ಟಿಗೆ ಮುಟ್ಟಿ ಬ್ರೇಕನ್ನೂ ಟೇಲನ್ನೂ ಒಂದಾಗಿಸುತ್ತದೆ. ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ತಕರಾರು ಟ್ರೇಲರಿನಲ್ಲಿಲ್ಲದೆಯೂ ಇರಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟಿನ ಆಸುಪಾಸು ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ.

ಇನ್ನು ಫ್ಯೂಸು. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಜಿನ ಕೊಳವೆಯದು, ಈಗಿನವುಗಳಲ್ಲಿ ಎರಡು ಕಾಲಿನ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ಫ್ಯೂಸಿನ ಬಣ್ಣವೇ ಅದರ ಅಳತೆ: ಕೆಂಪು 10 ಆಂಪಿಯರು, ನೀಲಿ 15, ಹಳದಿ 20, ಹಸಿರು 30. ಅದರ ನೆತ್ತಿಯಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳು ತೆರೆದಿರುತ್ತವೆ. ಫ್ಯೂಸು ಕೀಳದೆಯೇ ಟೆಸ್ಟ್ ಲ್ಯಾಂಪಿನ ಸೂಜಿಯನ್ನು ಎರಡಕ್ಕೂ ಮುಟ್ಟಿಸಿ ನೋಡಬಹುದು. ಎರಡರಲ್ಲೂ ಉರಿದರೆ ಸರಿ, ಒಂದರಲ್ಲಿ ಮಾತ್ರ ಉರಿದರೆ ಫ್ಯೂಸು ಹೋಗಿದೆ. ಗಾಜಿನದಾದರೆ ಒಳಗಿನ ಗುರುತೂ ಮಾತಾಡುತ್ತದೆ. ತಂತಿ ನಡುವೆ ಮೆಲ್ಲಗೆ ಕರಗಿ ತುಂಡಾಗಿದ್ದರೆ ಹೊರೆ ಸ್ವಲ್ಪ ಹೆಚ್ಚಾಗಿದೆ. ಗಾಜು ಕಪ್ಪಾಗಿದ್ದರೆ ಎಲ್ಲೋ ನೇರವಾಗಿ ಶಾರ್ಟ್ ಆಗಿದೆ. ಫ್ಯೂಸು ಸರಿಯಿದ್ದೂ ಕರೆಂಟು ದಾಟದಿರುವುದು ಇನ್ನೊಂದು ಬಗೆ: ಫ್ಯೂಸು ಕಚ್ಚುವ ಕ್ಲಿಪ್ಪು ತುಕ್ಕು ಹಿಡಿದು ಕಾದು, ಸುತ್ತಲಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿರುತ್ತದೆ.

ಹೊಸ ಫ್ಯೂಸು ಹಾಕಿದೊಡನೆ ಅದೂ ಹೋದರೆ ಮೂರನೆಯದನ್ನು ಹಾಗೆಯೇ ಹಾಕಬಾರದು. ಹಾಕುವ ಮುನ್ನ ಟ್ರೇಲರಿನ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ನೋಡಬೇಕು. ಪ್ಲಗ್ಗು ಇಲ್ಲದಾಗ ಫ್ಯೂಸು ನಿಂತರೆ ದೋಷ ಟ್ರೇಲರಿನಲ್ಲಿ, ಆಗಲೂ ಹೋದರೆ ಟ್ರ್ಯಾಕ್ಟರಿನಲ್ಲಿ. ಈ ಒಂದು ಹೆಜ್ಜೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ಒಳ್ಳೆಯ ಎಲೆಕ್ಟ್ರಿಷಿಯನ್ನರು ಬಳಸುವ ಉಪಾಯವೆಂದರೆ ಫ್ಯೂಸಿನ ಜಾಗದಲ್ಲಿ 12 ವೋಲ್ಟಿನ ಹೆಡ್‌ಲೈಟ್ ಬಲ್ಬೊಂದನ್ನು ಎರಡು ವೈರಿನಿಂದ ಸೇರಿಸುವುದು. ಶಾರ್ಟ್ ಇದ್ದಷ್ಟು ಹೊತ್ತು ಆ ಬಲ್ಬು ಪೂರ್ತಿ ಉರಿಯುತ್ತದೆ. 60 ವ್ಯಾಟಿನ ಬಲ್ಬು 5 ಆಂಪಿಯರಿಗಿಂತ ಹೆಚ್ಚು ಬಿಡದ ಕಾರಣ ವೈರು ಸುಡುವ ಭಯವಿಲ್ಲ. ಈಗ ಡ್ರಾಬಾರಿನಿಂದ ಹಿಂದಕ್ಕೆ ಒಂದೊಂದೇ ಗೇಣು ವೈರನ್ನು ಅಲುಗಾಡಿಸುತ್ತ ಹೋಗಬೇಕು. ಯಾವ ಜಾಗ ಮುಟ್ಟಿದಾಗ ಬಲ್ಬು ತಟ್ಟನೆ ಮಂಕಾಗುತ್ತದೋ ಅಲ್ಲಿ ವೈರು ಕಬ್ಬಿಣಕ್ಕೆ ತಾಗಿದೆ. ಸಾಮಾನ್ಯವಾಗಿ ಅದು ಚಾಸಿಯ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ವೈರು ಹಾದ ಕಡೆ, ಸ್ಪ್ರಿಂಗ್ ಪ್ಲೇಟಿನ ಪಕ್ಕ ಉಜ್ಜುವ ಕಡೆ, ಟಿಪ್ಪಿಂಗ್ ಟ್ರೇಲರಾದರೆ ತೊಟ್ಟಿ ಏಳುವ ಕೀಲಿನ ಬಳಿ. ತೋಟದ ಕಡಿದಾದ ತಿರುವಿನಲ್ಲಿ ಕೇಬಲ್ಲು ಗಿಡ್ಡವಾದರೆ ಕಿತ್ತುಬರುತ್ತದೆ, ಉದ್ದವಾದರೆ ನೆಲಕ್ಕೆ ಉಜ್ಜುತ್ತದೆ. ಡ್ರಾಬಾರಿನ ಮೇಲೆ ಒಂದು ಸಡಿಲ ಸುತ್ತು ಬಿಟ್ಟು ಕಟ್ಟಬೇಕು.

ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕುವುದು, ಕೆಂಪು ಹೋದರೆ ಹಸಿರು ಹಾಕುವುದು ಇವು ದಾರಿಯಲ್ಲಿ ಕೈಕೊಟ್ಟಾಗ ನಡೆಯುವ ಜಾಣತನಗಳು. ಫ್ಯೂಸು ಇರುವುದು ದೀಪ ಉರಿಸಲು ಅಲ್ಲ, ವೈರು ಉರಿಯದಂತೆ ತಡೆಯಲು. ದಪ್ಪ ತಂತಿ ಹಾಕಿದ ಮೇಲೆ ಶಾರ್ಟ್ ಆದರೆ ಕರಗುವುದು ಡ್ಯಾಶ್‌ಬೋರ್ಡಿನ ಹಿಂದಿನ ಇಡೀ ವೈರಿಂಗು. ಮೇಲೆ ಒಣಹುಲ್ಲಿನ ಹೊರೆಯಿದ್ದಾಗ ಟ್ರೇಲರಿನ ಕೆಳಗೆ ಕಿಡಿ ಎದ್ದರೆ ಏನಾಗಬಹುದೆಂದು ವಿವರಿಸಬೇಕಿಲ್ಲ.

ಒಂದು ನಿಜವಾದ ಇಕ್ಕಟ್ಟು ಇದೆ. ತುರ್ತು ಸಂದರ್ಭಕ್ಕೆ ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ಚು ಹಾಕಿದಾಗ ಟ್ರ್ಯಾಕ್ಟರಿನ ನಾಲ್ಕು, ಟ್ರೇಲರಿನ ಎರಡು ಸೇರಿ 126 ವ್ಯಾಟು, ಹತ್ತೂವರೆ ಆಂಪಿಯರು. ಅಲ್ಲಿರುವುದು 10ರ ಫ್ಯೂಸಾದರೆ ಸ್ವಲ್ಪ ಹೊತ್ತಿಗೆ ಹೋಗಬಹುದು. ಇದಕ್ಕೆ ಮದ್ದು ದೊಡ್ಡ ಫ್ಯೂಸಲ್ಲ. ಟ್ರೇಲರಿಗೆ ಬೇರೆ ರಿಲೇ, ಬೇರೆ ಫ್ಯೂಸು ಹಾಕಿಸುವುದು, ಅಥವಾ ಟ್ರೇಲರಿಗೆ ಎಲ್‌ಇಡಿ ದೀಪ ಹಾಕಿಸುವುದು. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಉರಿಯುವುದಿಲ್ಲ ಎಂಬುದಷ್ಟೇ ನೆನಪಿರಲಿ.

ಇಂಡಿಕೇಟರಿನ ಫ್ಲಾಷರ್ ರಿಲೇ ಇನ್ನೊಂದು ಮೋಸ ಮಾಡುತ್ತದೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಿಸುತ್ತದೆ. ಬಲ್ಬೊಂದು ಸುಟ್ಟರೆ ಎಲೆಕ್ಟ್ರಾನಿಕ್ ರಿಲೇ ಟಿಕ್‌ಟಿಕ್ ಸದ್ದಿನ ವೇಗ ಹೆಚ್ಚಿಸಿ ಚಾಲಕನಿಗೆ ತಿಳಿಸುತ್ತದೆ. ಆದರೆ ಎರಡು ಬಲ್ಬಿಗೆಂದು ಮಾಡಿದ ರಿಲೇಗೆ ಟ್ರೇಲರಿನ ಮೂರನೆಯದು ಸೇರಿದಾಗ, ಆ ಮೂರನೆಯದು ಸುಟ್ಟರೂ ಉಳಿದೆರಡು ಸಾಕಾಗಿಬಿಡುತ್ತವೆ. ಸದ್ದು ಎಂದಿನಂತೆಯೇ ಇರುತ್ತದೆ. ಟ್ರೇಲರಿನ ಇಂಡಿಕೇಟರು ಸರಿಯಿದೆಯೇ ಎಂದು ಸೀಟಿನಲ್ಲಿ ಕೂತು ತಿಳಿಯಲಾಗದು, ಇಳಿದು ಹಿಂದೆ ಹೋಗಿ ನೋಡಲೇಬೇಕು.

ವೈರು ಬದಲಿಸುವುದಾದರೆ ದಪ್ಪದಲ್ಲಿ ಜಿಪುಣತನ ಬೇಡ. ಎಂಟು ಮೀಟರಿನ ದಾರಿಗೆ 0.5 ಚದರ ಮಿಲಿಮೀಟರಿನ ತೆಳು ವೈರು ಎಳೆದರೆ 6 ಆಂಪಿಯರಿಗೆ ಸುಮಾರು 1.7 ವೋಲ್ಟು ವೈರಿನಲ್ಲೇ ಖರ್ಚಾಗುತ್ತದೆ, 1.5ರ ವೈರಾದರೆ ಅರ್ಧ ವೋಲ್ಟಿನ ಆಸುಪಾಸು. ಅರ್ತಿಗೆ 2.5ರದ್ದು ಹಾಕುವುದು ಉತ್ತಮ, ಎಲ್ಲ ದೀಪಗಳ ಕರೆಂಟೂ ಅದೊಂದರಲ್ಲೇ ವಾಪಸು ಬರಬೇಕಲ್ಲ. ವೈರುಗಳನ್ನು ಬೆರಳಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಮೊದಲ ಮಳೆಯಲ್ಲೇ ನೀರು ಕುಡಿದು ಕಪ್ಪಾಗುತ್ತದೆ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವು ತೊಡಿಸಿ, ಅಲುಗದಂತೆ ಚಾಸಿಗೆ ಕ್ಲಿಪ್ಪು ಹಾಕಿದ್ದು ಬಾಳುತ್ತದೆ.

ಕಾನೂನು ಟ್ರೇಲರನ್ನು ಪ್ರತ್ಯೇಕ ವಾಹನವೆಂದೇ ಎಣಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಅದಕ್ಕೆ ತನ್ನದೇ ನೋಂದಣಿ ಇರಬೇಕು, ಜೊತೆಗೆ ಎಳೆಯುವ ವಾಹನದ ನಂಬರನ್ನೂ ಟ್ರೇಲರಿನ ಮೇಲೆ ತೋರಿಸಬೇಕು. ಹಾಸನದ ಕೆಎ 13, ಸಕಲೇಶಪುರದ ಕೆಎ 46 ಎರಡಕ್ಕೂ ಇದೇ ನಿಯಮ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ಮಾತ್ರವಲ್ಲ, ಬೆಳಕು ಸಾಲದ ಯಾವುದೇ ಹೊತ್ತಿನಲ್ಲೂ ದೀಪ ಉರಿಯಬೇಕೆನ್ನುತ್ತದೆ. ಘಟ್ಟದ ಅಂಚಿನ ಮಂಜಿನ ಬೆಳಗು ಈ ಎರಡನೆಯ ಮಾತಿನೊಳಗೆ ಬರುತ್ತದೆ. ಟಿಲ್ಲರಿಗೆ ಕಟ್ಟುವ ಚಿಕ್ಕ ಟ್ರೇಲರುಗಳಲ್ಲಿ ಎಷ್ಟೋ ಕಡೆ ಹಿಂದೀಪವೇ ಇಲ್ಲ. ಅವಕ್ಕೆ ಕನಿಷ್ಠ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನಾದರೂ ಅಂಟಿಸಿ, ಕೆಸರು ಮುಚ್ಚದಂತೆ ಒರಸುತ್ತಿರಬೇಕು.

ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ: ಒಂದು ಟೆಸ್ಟ್ ಲ್ಯಾಂಪು, ಅಳತೆಗೆ ತಕ್ಕ ನಾಲ್ಕಾರು ಫ್ಯೂಸು, ಎರಡು ಬಗೆಯ ಬಲ್ಬು, ಉಪ್ಪುಕಾಗದದ ಚೂರು, ಉದ್ದನೆಯ ವೈರು. ಪರೀಕ್ಷೆ ನಡೆಯಬೇಕಾದದ್ದು ಹಗಲಿನಲ್ಲಿ, ಕಣದಲ್ಲೇ. ಕಾಡಾನೆ ಓಡಾಡುವ ಆಲೂರು, ಸಕಲೇಶಪುರದ ಒಳರಸ್ತೆಗಳಲ್ಲಿ ಕತ್ತಲಾದ ಮೇಲೆ ಟಾರ್ಚು ಹಿಡಿದು ಟ್ರೇಲರಿನಡಿ ಮಲಗುವುದು ಜಾಣತನವಲ್ಲ. ದೀಪ ಸರಿಹೋಗದಿದ್ದರೆ ಹೊರೆ ತೋಟದ ಗೇಟಿನೊಳಗೇ ಬೆಳಗಿನವರೆಗೆ ನಿಲ್ಲಲಿ. ಹೆದ್ದಾರಿಗೆ ಮಾತ್ರ ಇಳಿಸಬೇಡಿ.